ಹಸು ಕಟ್ಟುವ ಗಂಟು

ವನಜಕ್ಕನ ಹಗ್ಗಕ್ಕೆ ಆವತ್ತು ಗಂಟು ಹಾಕಿದವಳು ನಾನು. ಅವರಲ್ಲ. ಅವರು ಬಂಡೆಯಿಂದ ಬಿದ್ದದ್ದು ನನ್ನ ಗಂಟು ಬಿಚ್ಚಿಕೊಂಡದ್ದರಿಂದ. ಬಿದ್ದ ಮೇಲೆ, ಗಂಟು ಹಾಕಿದ್ದು ನೀವೇ ಎಂದು ಅವರಿಗೆ ಹೇಳಿ ನಂಬಿಸಿದವಳೂ ನಾನೇ. ಇಷ್ಟು ಬರೆಯುವುದಕ್ಕೆ ಹತ್ತಿರ ಹತ್ತಿರ ನಲವತ್ತು ವರ್ಷವಾಯಿತು. ಬರೆದರೆ ಎದೆ ಹಗುರವಾದೀತು, ಇಲ್ಲವೇ ಅಳುವಾದರೂ ಬಂದೀತು ಅಂದುಕೊಂಡಿದ್ದೆ — ಏನೂ ಬರಲಿಲ್ಲ. ಫ್ಯಾನು ತಿರುಗುತ್ತಿದೆ. ಪಕ್ಕದ ಮನೆಯವರ ಕುಕ್ಕರು ಕೂಗುತ್ತಿದೆ. ನಾನು ಸುಮ್ಮನೆ ಕೂತಿದ್ದೇನೆ.

ನನ್ನ ಹೆಸರು ಭಾಗ್ಯ. ಊರು ನಂದಗುಡಿಯ ಹತ್ತಿರದ ಒಂದು ಹಳ್ಳಿ. ಹೊಸಕೋಟೆ ತಾಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು, ಇನ್ನೇನು ನಿವೃತ್ತಿ ಹತ್ತಿರ ಬಂತು. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ವಿಷಲ್ ಮಿಸ್ಸು’ ಅನ್ನುತ್ತಾರೆ, ಅದು ನನ್ನ ಕಿವಿಗೂ ಬೀಳುತ್ತದೆ. ಮಾತು ಒರಟು. ಸುಳ್ಳು ಹೇಳಿದವರನ್ನು ಮೈದಾನ ಸುತ್ತಿಸದೆ ಬಿಟ್ಟವಳಲ್ಲ. ‘ತಪ್ಪು ಮಾಡಿದ್ರೆ ಮಾಡ್ದೆ ಅನ್ನು, ಮುಗೀತು. ಅದಕ್ಯಾಕೆ ಕಥೆ ಕಟ್ತೀಯ?’ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಥೂ — ಆ ಕಿವಿಗಳೆಲ್ಲ ಈಗ ನೆನಪಾಗುತ್ತವೆ.

ವನಜಕ್ಕ ಯಾರೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆಯಿಂದ ಹಿಮಾಲಯದ ಶಿಖರ ಹತ್ತಿದ ಮೊದಲ ಹೆಂಗಸು ಅವರು. ಮನೆ ದೇವನಹಳ್ಳಿಯ ಕೋಟೆಯೊಳಗೆ, ಹಿತ್ತಿಲಲ್ಲಿ ಒಂದು ಚಕ್ಕೋತದ ಮರ. ತಂದೆ ಮೇಷ್ಟ್ರಾಗಿದ್ದವರು. ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದಲಿ ಎಂದು ಕಳಿಸಿದರೆ ಅವರು ಓದಿನ ಜೊತೆಗೆ ಬಂಡೆ ಹತ್ತುವುದನ್ನೂ ಕಲಿತು ಬಂದರು. ಮದುವೆಯಾಗಲಿಲ್ಲ. ವಿಮಾನ ನಿಲ್ದಾಣವೆಲ್ಲ ಇನ್ನೂ ಯಾರ ಕನಸಿನಲ್ಲೂ ಇರದಿದ್ದ ಕಾಲ. ಪ್ಯಾಂಟು ಹಾಕಿದ ಹೆಂಗಸು ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಬಸ್ಸು ಹತ್ತಿದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ‘ಏನಮ್ಮಾ, ಬಾವಿ ರಿಪೇರಿಯಾ?’ ಎಂದು ಕಂಡಕ್ಟರ್ ಕೇಳಿದರೆ, ‘ಹೂಂ ಕಣಪ್ಪ, ನಿಮ್ಮೂರ ಬಾವೀನೂ ಇದ್ರೆ ಹೇಳು’ ಎಂದು ಟಿಕೆಟ್ಟು ತೆಗೆದುಕೊಳ್ಳುತ್ತಿದ್ದರು.

ಹಿಮದ ಮೇಲೆ ಕೂತು ಬಣ್ಣದಲ್ಲಿ ಚಿತ್ರ ಬರೆದವರು ಅವರು. ಅಷ್ಟು ಎತ್ತರದಲ್ಲಿ ಕುಂಚದ ನೀರು ಗಟ್ಟಿಯಾಗಿಬಿಡುತ್ತದಂತೆ, ಅದಕ್ಕೆ ಮಿಲಿಟರಿಯವರ ಹತ್ತಿರ ಒಂದಿಷ್ಟು ರಮ್ಮು ಬೇಡಿ ಬಣ್ಣಕ್ಕೆ ಬೆರೆಸಿಕೊಂಡರಂತೆ. ಈ ಕಥೆ ಊರಿಗೆ ತಲುಪುವ ಹೊತ್ತಿಗೆ ಮೇಷ್ಟ್ರ ಮಗಳು ಬೆಟ್ಟದ ಮೇಲೆ ಕುಡಿಯುತ್ತಾಳೆ ಎಂದಾಗಿತ್ತು. ‘ಕುಡೀತಿದ್ದಿದ್ದು ಬ್ರಷ್ಷು ಕಣೇ, ನಾನಲ್ಲ’ ಎಂದು ಅವರು ನಗುತ್ತಿದ್ದರು. ಆ ನಗುವನ್ನು ನಾನು ಸರಿಯಾಗಿ ಕೇಳಿದ್ದು ಎರಡೇ ವರ್ಷ.

ಅವರದೊಂದು ಕ್ರಮವಿತ್ತು. ಯಾವ ಬಂಡೆಯನ್ನೂ ಮೊದಲು ಬರೆಯದೆ ಹತ್ತುತ್ತಿರಲಿಲ್ಲ. ಬುಡದಲ್ಲಿ ಕೂತು, ಬೆಳಗ್ಗೆಯೆಲ್ಲ ಆ ಬಂಡೆಯ ಒಂದೊಂದು ಬಿರುಕು, ಒಂದೊಂದು ನೀರಿನ ಕಲೆಯನ್ನು ಪೆನ್ಸಿಲ್ಲಿನಲ್ಲಿ ಹಾಳೆಗೆ ಇಳಿಸುತ್ತಿದ್ದರು. ನಮಗೋ ಬೇಜಾರು, ಹೊಟ್ಟೆ ಬೇರೆ ಹಸಿಯುತ್ತಿತ್ತು. ‘ಕೈಗೆ ಗೊತ್ತಾಗ್ಲಿ ಇರ್ರೇ ಮೊದ್ಲು. ಕಾಲು ಆಮೇಲೆ ತಾನೇ ಕಲ್ತ್ಕೊಳುತ್ತೆ’ ಅನ್ನುತ್ತಿದ್ದರು. ಅಳಿಸುವ ರಬ್ಬರು ಅವರ ಚೀಲದಲ್ಲಿ ಇರುತ್ತಲೇ ಇರಲಿಲ್ಲ. ಎಳೆದ ಗೆರೆ ಎಳೆದ ಹಾಗೇ. ಅವರ ಕೈಯ ಮೇಲೆ ಅವರಿಗೆ ಅಷ್ಟು ನಂಬಿಕೆ — ಇದನ್ನು ಓದುವವರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ನಾನು ಕಿತ್ತುಕೊಂಡದ್ದು ಅದನ್ನೇ.

ಹೊಸಕೋಟೆಯಲ್ಲಿ ನಾನು ಕಾಲೇಜು ಓದುತ್ತಿದ್ದಾಗ ಅವರು ಬಂದು ಹುಡುಗಿಯರನ್ನು ಆರಿಸಿದರು. ಹುಡುಗಿಯರದೇ ಒಂದು ತಂಡ ಕಟ್ಟಿ, ಹಿಮಾಲಯಕ್ಕೆ ಕರೆದುಕೊಂಡು ಹೋಗಬೇಕು ಎಂಬುದು ಅವರ ಹಟ. ನಮ್ಮಪ್ಪ ಕೇಳಿದ ಕೂಡಲೇ ಹಾರಾಡಿದರು. ‘ಹೆಣ್ಣುಡ್ಗಿ ಬಂಡೆ ಹತ್ತಿ ಏನ್ ಕಡ್ದು ಕಟ್ಟೆ ಹಾಕ್ಬೇಕಾಗೈತೆ? ಹಾಲು ಕರ್ಯೋರು ಯಾರು?’ ವನಜಕ್ಕ ನಮ್ಮ ಮನೆಗೇ ಬಂದರು. ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಕೊಟ್ಟಿಗೆಯ ಮುಂದೆ ಕಲ್ಲಿನ ಮೇಲೆ ಕೂತು ನಮ್ಮ ಎತ್ತನ್ನು ಬರೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಎಷ್ಟೋ ಹೊತ್ತು ನೋಡಿ, ‘ಎಡಗೊಂಬು ವಸಿ ವಾಲೈತೆ, ಅದ್ನೂ ಬಿಟ್ಟಿಲ್ಲ ನೋಡಮ್ಮಿ ಈವಮ್ಮ’ ಅಂದರು. ಆಮೇಲೆ ಬೇಡ ಅನ್ನಲಿಲ್ಲ. ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಎಲ್ಲಿಗಾದರೂ ಹೋಗು ಎಂದಷ್ಟೇ ಅವರ ಷರತ್ತು.

ತಂಡದಲ್ಲಿ ಮಿಕ್ಕವರೆಲ್ಲ ಟೌನಿನ ಹುಡುಗಿಯರು. ಕೆಟ್ಟವರೇನಲ್ಲ, ಚೇಷ್ಟೆ ಅಷ್ಟೇ. ನಾನು ಬಂದರೆ ಮೂಗು ಹಿಡಿದುಕೊಂಡು ‘ಡೈರಿ ಬಂತು’ ಅನ್ನುವರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಇವರೆಲ್ಲರಿಗಿಂತ ಮುಂಚೆ ಶಿಖರದ ಮೇಲೆ ನಿಲ್ಲುತ್ತೇನೆ, ಆಮೇಲೆ ಮೂಗು ಹಿಡಿದುಕೊಳ್ಳಲಿ — ಹೀಗೆಲ್ಲ. ಬೇಸಿಗೆಗೆ ಹೊರಡುವುದು ಎಂದಾಯಿತು. ಹೋಗುವವರಲ್ಲಿ ನನ್ನ ಹೆಸರೂ ಇತ್ತು. ಅಪ್ಪ ನಂದಗುಡಿಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ಈಗ ಗಂಟಿನ ವಿಷಯ. ಹಸು ಸಾಕಿದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ದನವನ್ನು ಗೂಟಕ್ಕೆ ಕಟ್ಟುವಾಗ ಹಗ್ಗದ ತುದಿಯನ್ನು ಪೂರ್ತಿ ಹೊರಗೆಳೆಯದೆ ಮಡಚಿ ಒಳಗೆ ತೂರಿಸುತ್ತೇವೆ. ದನ ಎಷ್ಟೇ ಜಗ್ಗಿದರೂ ಗಂಟು ಬಿಗಿಯಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಆದರೆ ನಾವು ಆ ಸಡಿಲ ತುದಿಯನ್ನು ಒಂದು ಸಲ ಎಳೆದರೆ ಸಾಕು, ಕಳಚಿಕೊಂಡುಬಿಡುತ್ತದೆ. ದನ ಕಾಲಿಗೆ ಹಗ್ಗ ಸುತ್ತಿಕೊಂಡು ಬಿದ್ದರೆ, ಕೊಟ್ಟಿಗೆಗೆ ಬೆಂಕಿ ಬಿದ್ದರೆ, ಬಿಡಿಸುತ್ತ ಕೂರಲು ಹೊತ್ತಿರುವುದಿಲ್ಲವಲ್ಲ, ಅದಕ್ಕೆ ಹಾಗೆ. ಕೊಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಗಂಟಿಲ್ಲ. ಮನುಷ್ಯರು ನೇತಾಡುವ ಹಗ್ಗಕ್ಕೆ ಅದಕ್ಕಿಂತ ಕೆಟ್ಟದ್ದೂ ಇಲ್ಲ. ಬಂಡೆಯ ಕೆಲಸಕ್ಕೆ ವನಜಕ್ಕ ಕಲಿಸಿದ್ದು ಎಂಟರ ಆಕಾರದ ಗಂಟು. ಅದನ್ನು ಬಿಚ್ಚಬೇಕಾದರೆ ಉಗುರು ಕಿತ್ತು ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹಾಕುವಷ್ಟು ಕಲಿಸಿದ್ದರು. ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಕೈಯಿಟ್ಟು ನೋಡಿ, ‘ನೋಡ್ದೆ’ ಎಂದು ಬಾಯಿಬಿಟ್ಟು ಹೇಳುವವರೆಗೆ ಯಾರೂ ಇಳಿಯುವಂತಿರಲಿಲ್ಲ.

ಅದು ಅವರೆಕಾಯಿಯ ಕಾಲ, ಬೆಳಗ್ಗೆ ಇಬ್ಬನಿ. ದೇವನಹಳ್ಳಿಯಿಂದ ಒಂದಿಷ್ಟು ದೂರದ ಒಂದು ಬಂಡೆಗೆ ನಾವಿಬ್ಬರೇ ಮೊದಲು ಹೋದೆವು, ಮಿಕ್ಕವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಬಂಡೆಯ ನಡುವೆ, ನೆಲದಿಂದಾಗಲಿ ಮೇಲಿನಿಂದಾಗಲಿ ಸರಿಯಾಗಿ ಕಾಣದ ಒಂದು ಸೀಳು ಇತ್ತು. ಹಗ್ಗದಲ್ಲಿ ಅರ್ಧಕ್ಕೆ ಇಳಿದು, ಅಲ್ಲೇ ನೇತಾಡುತ್ತ ಅದನ್ನು ಬರೆಯಬೇಕು ಎಂದು ವನಜಕ್ಕನಿಗೆ ಆಸೆ. ಎದೆಯ ಮೇಲೆ ಬರೆಯುವ ಹಲಗೆ ಕಟ್ಟಿಕೊಂಡಿದ್ದರು. ‘ನೀನು ಹಿಂದ್ಗಡೆಯಿಂದ ಹತ್ತಿ ಮೇಲಿರೋ ಮರಕ್ಕೆ ಹಗ್ಗ ಕಟ್ಟಿರು, ನಾನು ಕೆಳಗಿಂದ ಒಂದ್ಸಲ ನೋಡ್ಕೊಂಡು ಬರ್ತೀನಿ’ ಅಂದರು.

ಕಟ್ಟಿದೆ. ಕಟ್ಟುವಾಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ — ಹಿಮಾಲಯ. ಉಣ್ಣೆಯ ಟೋಪಿ ಯಾವ ಬಣ್ಣದ್ದು ಕೊಳ್ಳಬೇಕು ಎಂಬುದನ್ನು. ಮನಸ್ಸು ಅಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಕಟ್ಟಿತು. ಅದೇ ದಿನ ನಸುಕಿನಲ್ಲಿ ನಮ್ಮ ಹಸುಗಳಿಗೆ ಕಟ್ಟಿ ಬಂದಿದ್ದ ಗಂಟನ್ನೇ ಕಟ್ಟಿತು. ಇಳಿಯುವ ಹಗ್ಗದ ಜೊತೆಗೆ, ಗಂಟಿನಿಂದ ಮಿಕ್ಕ ಸಡಿಲ ತುದಿಯನ್ನೂ ಬಂಡೆಯಿಂದ ಕೆಳಕ್ಕೆ ಬಿಟ್ಟೆ. ನನಗೆ ಗೊತ್ತೇ ಆಗಲಿಲ್ಲ. ಇದನ್ನು ನಂಬಿ ಎಂದು ಕೇಳುತ್ತಿಲ್ಲ.

ವನಜಕ್ಕ ಮೇಲೆ ಬಂದರು. ‘ಕಟ್ಟಿದ್ಯಾ?’ ‘ಕಟ್ಟಿದೀನಕ್ಕ.’ ಮರದ ಕಡೆ ಒಂದು ಹೆಜ್ಜೆ ಇಟ್ಟವರು ಬಿಸಿಲನ್ನು ನೋಡಿ ನಿಂತರು. ಸೀಳಿನ ಮೇಲಿನ ಬೆಳಕು ಸರಿದು ಹೋಗುತ್ತಿತ್ತು. ನನ್ನ ಮುಖ ನೋಡಿ, ‘ನೀನು ಕಟ್ಟಿದ್ಮೇಲೆ ಇನ್ನೇನು ಬಿಡು’ ಅಂದರು. ಅದೊಂದೇ ಸಲ ಅವರು ಕೈಯಿಟ್ಟು ನೋಡಲಿಲ್ಲ. ಅವರೇ ನೋಡಬಹುದಿತ್ತಲ್ಲ ಎಂದು ನೀವು ಅನ್ನಬಹುದು, ನಾನೂ ಎಷ್ಟೋ ವರ್ಷ ಅದನ್ನೇ ಹಿಡಿದುಕೊಂಡಿದ್ದೆ. ನನ್ನನ್ನು ನಂಬಿದ್ದು ಅವರ ತಪ್ಪು ಎಂದು ಹೇಳಿಕೊಂಡು ಬದುಕುವುದು — ಅದೂ ಒಂದು ಬದುಕೇ, ಬಿಡಿ.

ಇಳಿದರು. ಅರ್ಧಕ್ಕೆ ನಿಂತು ಬರೆಯತೊಡಗಿದರು. ಮೇಲಿನಿಂದ ಅವರ ತಲೆಯ ಬೈತಲೆ ಮಾತ್ರ ಕಾಣುತ್ತಿತ್ತು. ಏನೋ ಗುನುಗುತ್ತಿದ್ದರು. ನಾನು ಕೆಳಕ್ಕೆ ಬಿಟ್ಟಿದ್ದ ಆ ಸಡಿಲ ತುದಿ ಪಕ್ಕದ ಪೊದೆಗೆ ಸಿಕ್ಕಿಕೊಂಡು ಅವರ ಹಲಗೆಗೆ ಅಡ್ಡ ಬರುತ್ತಿತ್ತು. ‘ಇದೊಂದು ಪೀಡೆ’ ಎಂದು ಅದನ್ನು ಹಿಡಿದು ಒಂದು ಸಲ ಎಳೆದರು.

ಹಗ್ಗ ನನ್ನ ಕಾಲ ಪಕ್ಕದಲ್ಲೇ ಸರ್ರನೆ ಜಾರಿ ಹೋಯಿತು. ಅವರು ಕಿರುಚಲಿಲ್ಲ. ಕೆಳಗೆ ಬಿದ್ದ ಸದ್ದು ಕೇಳಿತು, ಮೊದಲು ಅವರದು, ಆಮೇಲೆ ಹಲಗೆಯದು. ನಾನು ತಿರುಗಿ ಮರವನ್ನು ನೋಡಿದೆ. ಬರೀ ಮರ. ಆವಾಗ ನನ್ನ ಕೈ ಏನು ಮಾಡಿತ್ತೆಂದು ನನಗೆ ತಿಳಿಯಿತು. ಆ ಗಂಟಿನ ಗುಣವೇ ಅದು, ಬಿಚ್ಚಿಕೊಂಡರೆ ಗುರುತೂ ಉಳಿಯುವುದಿಲ್ಲ.

ಹಿಂಬದಿಯ ದಾರಿಯಲ್ಲಿ ಬಿದ್ದು ಎದ್ದು ಇಳಿದೆ. ಕಿವಿಯ ಹಿಂದೆ ರಕ್ತ. ಬಲಗೈ ಮಣಿಕಟ್ಟು ತಿರುಚಿಕೊಂಡಿತ್ತು. ಕಣ್ಣು ಬಿಟ್ಟುಕೊಂಡೇ ಇದ್ದರು. ‘ಮೇಲೆ ಕಟ್ಟಿದ್ಯಾರೇ?’ ಎಂದು ಕೇಳಿದರು, ಹೊತ್ತೆಷ್ಟಾಯಿತು ಎಂದು ಕೇಳುವ ಹಾಗೆ.

‘ನೀವೇ ಅಕ್ಕ. ನೀವೇ ಕಟ್ಟಿದ್ದು.’

‘ನಾನಾ?’ ಅಂದರು. ಕಣ್ಣು ಮುಚ್ಚಿದರು.

ರಾಗಿ ಹುಲ್ಲು ತುಂಬಿಕೊಂಡು ಹೋಗುತ್ತಿದ್ದ ಟ್ರಾಕ್ಟರನ್ನು ಅಡ್ಡ ಹಾಕಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ದೇವನಹಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ತಲೆಗೆ ಪೆಟ್ಟಾಗಿತ್ತು. ಜೀವಕ್ಕೆ ಅಪಾಯವಿಲ್ಲ ಅಂದರು. ಆ ಬೆಳಗ್ಗೆ ಕಾಫಿ ಕುಡಿದ ಮೇಲೆ ಏನಾಯಿತೆಂದು ಮಾತ್ರ ಅವರಿಗೆ ನೆನಪಿಲ್ಲ, ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು.

ಬಂಡೆಯ ಬುಡದಲ್ಲಿ ಹೇಳಿದ್ದನ್ನು ಗಾಬರಿ ಅನ್ನೋಣ. ಹತ್ತೊಂಬತ್ತರ ಹುಡುಗಿ, ರಕ್ತ ಕಂಡು ಬಾಯಿಗೆ ಬಂದದ್ದನ್ನು ಹೇಳಿದಳು. ಅದಕ್ಕೆ ಕ್ಷಮೆಯಿದ್ದರೂ ಇರಬಹುದು. ನಾನು ಬರೆಯಲು ಕೂತಿರುವುದು ಅದಕ್ಕಲ್ಲ. ಕೆಲವು ದಿನ ಕಳೆದ ಮೇಲೆ, ಆಸ್ಪತ್ರೆಯಲ್ಲಿ, ದಿಂಬಿಗೆ ಒರಗಿ ಕೂತು, ಪೂರ್ತಿ ಎಚ್ಚರದಲ್ಲಿದ್ದ ವನಜಕ್ಕ ಮತ್ತೆ ಕೇಳಿದರು: ‘ಭಾಗ್ಯ, ಸರಿಯಾಗಿ ನೆನಪು ಮಾಡ್ಕೊಂಡು ಹೇಳೇ. ನಾನೇ ಕಟ್ಟಿದ್ನಾ? ಯಾವ ಗಂಟು ಹಾಕ್ದೆ?’ ಆಗ ನನಗೆ ಗಾಬರಿಯೇನೂ ಇರಲಿಲ್ಲ. ಮೂಸಂಬಿ ಸುಲಿಯುತ್ತಿದ್ದೆ. ನಿಜ ಹೇಳಿದರೆ ತಂಡದಿಂದ ನನ್ನ ಹೆಸರು ಹೋಗುತ್ತದೆ. ಹಸು ಕಟ್ಟುವ ಗಂಟು ಹಾಕಿ ಗುರುವನ್ನೇ ಬೀಳಿಸಿದಳು ಎಂದು ಆ ಹುಡುಗಿಯರು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಅಪ್ಪ ಟೀ ಅಂಗಡಿಯಲ್ಲಿ ತಲೆ ಎತ್ತುವ ಹಾಗಿರುವುದಿಲ್ಲ — ಇಷ್ಟನ್ನೂ ಯೋಚಿಸಿದೆ. ಒಂದು ತೊಳೆ ಬಿಡಿಸಿ ಅವರ ಎಡಗೈಗೆ ಕೊಟ್ಟೆ. ‘ನೀವೇ ಅಕ್ಕ. ಯಾವ ಗಂಟು ಅಂತ ನಾನು ನೋಡ್ಲಿಲ್ಲ’ ಅಂದೆ.

‘ನೋಡ್ಬೇಕಿತ್ತು ನೀನು’ ಎಂದು ಅವರು ಬೈಯಲಿಲ್ಲ. ಅದನ್ನಾದರೂ ಅಂದಿದ್ದರೆ! ‘ಹಾಗಾದ್ರೆ ನನ್ನ ಕೈ ನನಗೆ ಗೊತ್ತಿಲ್ದಂಗೆ ತಪ್ಪು ಮಾಡುತ್ತೆ’ ಎಂದು ನಿಧಾನವಾಗಿ ಹೇಳಿದರು, ಹೊಸ ವಿಷಯ ಕಲಿತವರ ಹಾಗೆ.

ತಿಂಗಳಾದ ಮೇಲೆ ನಮ್ಮೆಲ್ಲರನ್ನೂ ಮನೆಗೆ ಕರೆಸಿದರು. ಕೈಗಿನ್ನೂ ಪಟ್ಟಿ ಇತ್ತು. ‘ನಿಮ್ಮನ್ನ ನಾನು ಕರ್ಕೊಂಡು ಹೋಗಲ್ಲ. ನನ್ನ ಕೈನ ನಾನೇ ನಂಬಲ್ಲ, ಇನ್ನೊಬ್ಬರ ಮನೆ ಮಕ್ಕಳನ್ನ ಅದಕ್ಕೆ ಹೆಂಗೆ ಕಟ್ಲಿ?’ ಅಂದರು. ಹುಡುಗಿಯರು ಅತ್ತರು, ಬೇಡಿಕೊಂಡರು. ಮುಂದಾಳಾಗಿ ಇನ್ನೊಬ್ಬ ಹೆಂಗಸು ಸಿಗಲಿಲ್ಲ. ಗಂಡಸರ ಜೊತೆ ಕಳಿಸಲು ಯಾರ ಮನೆಯಲ್ಲೂ ಒಪ್ಪಲಿಲ್ಲ. ಯಾರೂ ಹೋಗಲಿಲ್ಲ. ಯಾವ ಪ್ರಯಾಣಕ್ಕಾಗಿ ಸುಳ್ಳು ಹೇಳಿದೆನೋ ಆ ಪ್ರಯಾಣವನ್ನು ಆ ಸುಳ್ಳೇ ನಿಲ್ಲಿಸಿತು. ಆಗಲಾದರೂ ಬಾಯಿ ಬಿಡಬಹುದಿತ್ತು, ಕಳೆದುಕೊಳ್ಳುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಮೂಳೆ ಕೂಡಿಕೊಂಡಿತು. ಡಾಕ್ಟರು, ಕೈ ಮೊದಲಿನ ಹಾಗೇ ಆಗಿದೆ ಅಂದರು. ವನಜಕ್ಕ ಮತ್ತೆ ಹಗ್ಗ ಮುಟ್ಟಲಿಲ್ಲ. ಚಿತ್ರ? ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆಯ ಅಂಚಿನ ಡಿಸೈನು ಹಾಕಿಕೊಡುವ ಕೆಲಸ ಹಿಡಿದರು. ಗ್ರಾಫ್ ಹಾಳೆಯ ಚೌಕಗಳಲ್ಲಿ ಒಂದೊಂದಾಗಿ ಬಣ್ಣ ತುಂಬುವುದು — ನವಿಲು, ಮಾವಿನಕಾಯಿ, ರುದ್ರಾಕ್ಷಿ. ಚೌಕದಿಂದ ಆಚೆ ಕೈ ಹೋಗುವ ಹಾಗೇ ಇಲ್ಲವಲ್ಲ. ಮೇಜಿನ ಮೇಲೆ ಸ್ಕೇಲು ಬಂತು, ರಬ್ಬರು ಬಂತು. ‘ಬೆಟ್ಟ ಬರೀರಿ ಅಕ್ಕ’ ಎಂದು ಒಮ್ಮೆ ಅಂದದ್ದಕ್ಕೆ, ‘ಎಲ್ಲಿ ತಪ್ಪೋಗ್ತೀನೋ ಕಣೇ’ ಎಂದು ನಕ್ಕರು. ಆ ನಗು ಬೇರೆ. ಗ್ಯಾಸು ಆರಿಸಿದ್ದೇನೆಯೇ ಎಂದು ಅಡುಗೆಮನೆಗೆ ಎರಡೆರಡು ಸಲ ಹೋಗುವರು. ಹೊರಟ ಮೇಲೆ ಬೀದಿಯ ಕೊನೆಯಿಂದ ವಾಪಸು ಬಂದು ಬೀಗ ಜಗ್ಗಿ ನೋಡುವರು. ‘ಹಾಕಿದೀನಾ ನೋಡೇ ಭಾಗ್ಯ.’ ‘ಹಾಕಿದೀರಕ್ಕ.’ ‘ನೀನು ನೋಡಿದ್ಯಾ?’ ‘ನೋಡ್ದೆ.’ ಭಾನುವಾರಗಳು ಹೀಗೆ.

ಹೌದು, ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ. ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿ ಬೆಳೆದಳು, ಆದರೂ ತಪ್ಪಿಸಲಿಲ್ಲ. ಮನೆಯ ಮೊಸರು, ಸೊಪ್ಪು, ಕಾಲಕ್ಕೆ ಅವರೆಕಾಯಿ. ಬೀದಿಯವರು, ‘ಸ್ವಂತ ತಂಗೀನೂ ಹಿಂಗೆ ನೋಡ್ಕೊಳಲ್ಲ ಬಿಡಮ್ಮ’ ಅನ್ನುವರು. ವನಜಕ್ಕ ಹೆಮ್ಮೆಯಿಂದ, ‘ನಮ್ಮ ಭಾಗ್ಯ ಅಲ್ವಾ’ ಅನ್ನುವರು. ಕೇಳಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದೆ. ಮೊದಮೊದಲು ಏನೋ ಚುಚ್ಚುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು. ಮನುಷ್ಯರಿಗೆ ಎಲ್ಲವೂ ರೂಢಿಯಾಗುತ್ತದೆ ಎಂಬುದಕ್ಕೆ ಬೇರೆ ಯಾರನ್ನೂ ನೋಡಬೇಕಾಗಿಲ್ಲ.

ಈ ವರ್ಷ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಕಾರ್ಯಕ್ರಮ. ಮುಖ್ಯೋಪಾಧ್ಯಾಯರು, ‘ನಿಮ್ಮ ಗುರುಗಳನ್ನೇ ಕರ್ಕೊಂಡು ಬನ್ನಿ ಮೇಡಂ’ ಅಂದರು. ವನಜಕ್ಕ ಬಹಳ ಸಲ ಬೇಡ ಅಂದು, ಕೊನೆಗೆ ಒಪ್ಪಿದರು. ಬಿಳಿಯ ಕೂದಲು, ನೇರ ಬೆನ್ನು. ಹಿಮದ ಕಥೆ, ರಮ್ಮಿನ ಕಥೆ ಹೇಳಿದರು, ಮಕ್ಕಳು ನಕ್ಕು ನಕ್ಕು ಸುಸ್ತಾದವು. ನಾನು ಮುಂದಿನ ಸಾಲಿನಲ್ಲಿ ಅವರ ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಕೂತಿದ್ದೆ. ಎಂಟನೇ ಕ್ಲಾಸಿನ ಒಬ್ಬಳು ಎದ್ದು ಕೇಳಿದಳು: ‘ಮತ್ತೆ ಯಾಕೆ ಬಿಟ್ಬಿಟ್ರಿ ಅಜ್ಜಿ?’

ವನಜಕ್ಕ ಒಂದು ಕ್ಷಣವೂ ತಡೆಯಲಿಲ್ಲ. ‘ತಪ್ಪು ಗಂಟು ಹಾಕ್ಬಿಟ್ಟೆ ಪುಟ್ಟಿ. ನನಗೇ ಗೊತ್ತಾಗ್ಲಿಲ್ಲ. ಬಿದ್ದಿದ್ದು ನಾನೇ, ಪುಣ್ಯ. ನಿಮ್ಮಂಥ ಮಕ್ಕಳು ಆ ಹಗ್ಗದಲ್ಲಿದ್ದಿದ್ರೆ? ಅದಕ್ಕೇ ಬಿಟ್ಟೆ. ತಪ್ಪು ಮಾಡಿದ್ಮೇಲೆ ಒಪ್ಕೋಬೇಕು ಅಲ್ವಾ?’ ಅಂದರು. ಮಕ್ಕಳು ಚಪ್ಪಾಳೆ ತಟ್ಟಿದವು. ನಾನೂ ತಟ್ಟಿದೆ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರ ಜೊತೆಗೆ ನನ್ನ ಕೈಯೂ ತಟ್ಟಿತು. ಅದನ್ನು ನೋಡುತ್ತ ಕೂತಿದ್ದೆ.

ಕಾರಿನಲ್ಲಿ ದೇವನಹಳ್ಳಿಗೆ ವಾಪಸು ಬಿಡಲು ಹೋದೆ. ದಾರಿಯುದ್ದಕ್ಕೂ ಆ ಹುಡುಗಿಯದೇ ಮಾತು. ಮನೆಗೆ ಬಂದು, ಚಪ್ಪಲಿ ಬಿಟ್ಟು, ಅವರು ಕುರ್ಚಿಯಲ್ಲಿ ಕೂತರು. ಮೂರು ಗಂಟೆಯ ಬಿಸಿಲು ಹಿತ್ತಿಲಿನಿಂದ ಒಳಗೆ ಬಿದ್ದಿತ್ತು. ನಾನು ನಿಂತುಕೊಂಡೇ ಹೇಳಿದೆ. ‘ಅಕ್ಕ, ಆ ಗಂಟು ಹಾಕಿದ್ದು ನಾನು. ಹಸು ಕಟ್ಟೋ ಗಂಟು. ನೀವಲ್ಲ. ನಿಮಗೆ ಸುಳ್ಳು ಹೇಳ್ದೆ.’ ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದೆ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಸಲೀಸಾಗಿತ್ತು. ಅವರು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಬಿಡಿಸಿದರು, ಮಡಚಿದರು. ‘ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?’ ಎಂದು ಕೇಳಿದರು. ನನ್ನನ್ನಲ್ಲ.

‘ಇತ್ತಕ್ಕ.’

‘ಇಷ್ಟು ವರ್ಷಾನೂ?’

ನಾನು ತಲೆಯಾಡಿಸಿದೆ. ಬೀದಿಯಲ್ಲಿ ಯಾರೋ ಗಾಡಿ ತಿರುಗಿಸುತ್ತಿದ್ದರು. ಆಮೇಲೆ ಏನೋ ಹೊಳೆದವರಂತೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಇದಕ್ಕೇನೇ ನೀನು ವಾರ ವಾರ ಬರ್ತಿದ್ದಿದ್ದು?’

ಕೈಯಲ್ಲಿದ್ದ ಅವರ ಶಾಲನ್ನು ಮಡಚಿದೆ.

‘ನಾನು ಪ್ರೀತಿಗೆ ಅನ್ಕೊಂಡಿದ್ದೆ ಕಣೇ’ ಅಂದರು. ಗೋಡೆ ಹಿಡಿದುಕೊಂಡು ಎದ್ದರು. ‘ಹೋಗು ಈಗ. ನಾನು ಕರೆಯೋವರ್ಗೂ ಬರ್ಬೇಡ.’

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ನಿಂತು ಹೇಳಿದೆ: ಮೊನ್ನೆ ಬಂದಿದ್ದ ಅಜ್ಜಿ ಯಾವ ತಪ್ಪು ಗಂಟನ್ನೂ ಹಾಕಿರಲಿಲ್ಲ, ಹಾಕಿದವಳು ನಾನು, ಸುಳ್ಳು ಹೇಳಿದವಳು ನಾನು. ಮುಖ್ಯೋಪಾಧ್ಯಾಯರು ಕೆಮ್ಮಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಆ ವರ್ಷ ಹಿಮಾಲಯಕ್ಕೆ ಹೋಗಲಾರದೆ ಮನೆಗೆ ಹಿಂತಿರುಗಿದ ಹುಡುಗಿಯರು ಈಗ ಎಲ್ಲೆಲ್ಲಿದ್ದಾರೋ. ಅವರ ಕಣ್ಣಿಗೂ ಬೀಳಲಿ ಎಂದೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಭಾನುವಾರಗಳು ಬರುತ್ತವೆ, ಹೋಗುತ್ತವೆ. ಫೋನು ಬಂದಿಲ್ಲ.

ಅಕ್ಕ, ನಿಮ್ಮ ಪ್ರಶ್ನೆಗೆ ಆವತ್ತು ಉತ್ತರ ಕೊಡಲಿಲ್ಲ. ಪ್ರೀತಿಗೇ ಬರುತ್ತಿದ್ದೆ ಎಂದು ಬರೆದುಬಿಡಬಹುದು. ಕೊನೆಕೊನೆಗೆ ಅದು ನಿಜವೂ ಆಗಿತ್ತೇನೋ, ಯಾವಾಗಿನಿಂದ ಎಂದು ನನಗೇ ಗೊತ್ತಿಲ್ಲ. ಪಶ್ಚಾತ್ತಾಪಕ್ಕೆ ಎಂದು ಬರೆದರೂ ಜನ ನಂಬುತ್ತಾರೆ. ಮೊದಲ ವರ್ಷ ನಾನು ಬರುತ್ತಿದ್ದದ್ದು ಎರಡಕ್ಕೂ ಅಲ್ಲ. ನಿಮಗೆ ಆ ಬೆಳಗ್ಗೆ ನೆನಪಾಯಿತೇ ಎಂದು ನೋಡಲು ಬರುತ್ತಿದ್ದೆ. ಮೊಸರಿನ ಪಾತ್ರೆ ಕೆಳಗಿಡುವ ಮೊದಲು ನಿಮ್ಮ ಮುಖ ನೋಡುತ್ತಿದ್ದೆ. ಒಂದು ಭಾನುವಾರ ನೀವು ನನ್ನ ಕೈ ಹಿಡಿದುಕೊಂಡು, ‘ಎಷ್ಟು ತಲೆ ಚಚ್ಕೊಂಡ್ರೂ ನೆನಪಾಗ್ತಿಲ್ಲ ಕಣೇ ಭಾಗ್ಯ, ಇನ್ನು ಆಗಲ್ಲ ಅನ್ಸುತ್ತೆ’ ಎಂದು ಅತ್ತಿರಿ. ನಾನು ನಿಮ್ಮ ಬೆನ್ನು ಸವರಿದೆ, ಸಮಾಧಾನ ಹೇಳಿದೆ, ಬಿಸಿ ಹಾಲು ಮಾಡಿ ಕುಡಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಗಾಢವಾದ ನಿದ್ದೆ ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ. ನಮ್ಮೂರು ದಾಟಿ ಹೋದದ್ದೂ ಗೊತ್ತಾಗಲಿಲ್ಲ.